ಬಿಳಿಗಟ್ಟಿಯ ಲೈನ್ ಕ್ಲಿಯರ್

ನಮ್ಮ ಬಡಾವಣೆಯ ಸಂಘದಿಂದ ನೋಟಿಸು ಬಂದ ದಿನವೇ ನಾನು ಗಂಡನಿಗೆ ಹೇಳಿದೆ, ಈ ನಾಟಕದ ಹುಚ್ಚು ಇಲ್ಲಿಗೇ ಸಾಕು ಎಂದು. "ಮೂರು ದಿನಕ್ಕಿಂತ ಹೆಚ್ಚು ಕಾಲ ಮನೆಯ ಮುಂದಿನ ಡ್ರೈವ್‌ವೇಯಲ್ಲಿ ನಿಂತಿರುವ, ನೋಂದಣಿಯಿಲ್ಲದ ವಾಹನ" ಎಂದು ಬರೆದಿದ್ದರು. ವಾಹನವೂ ಇಲ್ಲ, ಮಣ್ಣೂ ಇಲ್ಲ. ನಾಟಕಕ್ಕೆಂದು ರಟ್ಟಿನ ಡಬ್ಬಗಳಿಂದ ಮಾಡಿದ ರೈಲಿನ ಹೊಗೆ ಇಂಜಿನ್ ಅದು. ಕಪ್ಪು ಬಣ್ಣ ಬಳಿದು ಬಿಸಿಲಿಗೆ ಒಣಗಲು ಇಟ್ಟಿದ್ದೆವು. ನನ್ನ ಗಂಡ ಆ ಕಾಗದವನ್ನು ಎರಡು ಸಲ ಓದಿ, ಬಹುಮಾನ ಬಂದವರ ಹಾಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

"ನೋಡು ಶೋಭಾ, ಅವ್ರಿಗೆ ನಿಜವಾದ ಗಾಡಿ ಥರಾನೇ ಕಂಡಿದೆ" ಎಂದರು.

ನನ್ನ ಗಂಡನ ಹೆಸರು ಕರಿಬಸಪ್ಪ. ಸ್ಯಾನ್ ಡಿಯೇಗೋದ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸ. ಆಫೀಸಿನವರು ಅವರನ್ನು ಕರಿ ಎನ್ನುತ್ತಾರೆ, ಅದು ಊಟದ ಹೆಸರು ಎಂದುಕೊಂಡವರೂ ಇದ್ದಾರೆ. ನಿಜದಲ್ಲಿ ಅದು ಅವರ ತಾಯಿಯ ತಂದೆಯ ಹೆಸರು. ಹುಬ್ಬಳ್ಳಿ ಕಡೆ ತೀರಿಕೊಂಡ ಹಿರಿಯರ ಹೆಸರನ್ನು ಮಗುವಿಗೆ ಇಟ್ಟರೆ ಆ ಹೆಸರು ಹಿಡಿದು ಬೈಯುವಂತಿಲ್ಲ. ಹೀಗಾಗಿ ನನ್ನ ಅತ್ತೆ ಗುರುಬಸವ್ವ ಐವತ್ತೆರಡು ವರ್ಷದಿಂದ ಮಗನನ್ನು "ಯಪ್ಪಾ" ಎಂದೇ ಕರೆಯುತ್ತಾ ಬಂದಿದ್ದಾರೆ, ಒಂದು ದಿನವೂ ಬೈದಿಲ್ಲ. ಆ ಬಾಕಿಯನ್ನೆಲ್ಲ ನಾನು ತೀರಿಸುತ್ತಿದ್ದೇನೆ.

ಆ ಹಿರಿಯ ಕರಿಬಸಪ್ಪ ಹೊಗೆ ಗಾಡಿಯ ಡ್ರೈವರ್ ಆಗಿದ್ದರು. ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಬಿಳಿಗಟ್ಟಿ ಎಂಬ ಸಣ್ಣ ಸ್ಟೇಷನ್ನು ದಾಟಿದ ಮೇಲೆ ಅವರ ಪ್ಯಾಸೆಂಜರ್ ಗಾಡಿಗೆ ಎದುರಿನಿಂದ ಗೂಡ್ಸ್ ಗಾಡಿ ಬಂದು ಗುದ್ದಿತು. ಅವರೂ ಸೇರಿ ಹತ್ತೊಂಬತ್ತು ಜನ ಸತ್ತರು. ಆಗ ಅಲ್ಲಿ ಎರಡು ಸ್ಟೇಷನ್ನುಗಳ ನಡುವೆ ಇದ್ದದ್ದು ಒಂದೇ ಹಳಿ. ಮುಂದಿನ ಸ್ಟೇಷನ್ನಿನವರು ಫೋನಿನಲ್ಲಿ "ದಾರಿ ಖಾಲಿ ಇದೆ, ಕಳಿಸಿ" ಎಂದು ಹೇಳಿ ಒಂದು ನಂಬರು ಕೊಡಬೇಕು. ಆ ನಂಬರು ಬರೆದ ಚೀಟಿಗೆ ಲೈನ್ ಕ್ಲಿಯರ್ ಎನ್ನುತ್ತಾರೆ. ಸ್ಟೇಷನ್ ಮಾಸ್ತರು ಅದನ್ನು ಬೆತ್ತದ ಬಳೆಗೆ ಸಿಕ್ಕಿಸಿ ಡ್ರೈವರನ ಕೈಗೆ ಕೊಟ್ಟರೆ ಮಾತ್ರ ಗಾಡಿ ಹೊರಡಬೇಕು. ಡ್ರೈವರ್ ಕರಿಬಸಪ್ಪ ಚೀಟಿ ಇಲ್ಲದೆಯೇ ಗಾಡಿ ಬಿಟ್ಟ ಎಂದು ಬಿಳಿಗಟ್ಟಿಯ ಮಾಸ್ತರು ಹೇಳಿದರು, ವಿಚಾರಣೆಯವರು ಹಾಗೆಯೇ ಬರೆದುಕೊಂಡರು. ಸತ್ತವನು ಎದ್ದು ಬಂದು ವಾದಿಸುತ್ತಾನೆಯೇ?

ಆದರೆ ಚೀಟಿ ಇತ್ತು. ಹೆಣದ ಕೋಟಿನ ಜೇಬಿನಲ್ಲಿ ಅರ್ಧ ಸುಟ್ಟ ಕಾಗದವೊಂದು ಸಿಕ್ಕಿತ್ತು. ಡ್ರೈವರನ ಹೆಂಡತಿಗೆ ಓದು ಬಾರದು. ವಿಚಾರಣೆಗೆ ಬಂದ ಸಾಹೇಬರ ಕೈಗೆ ಅದನ್ನು ನಂಬಿ ಕೊಟ್ಟರು. ಅದು ಮತ್ತೆ ಕಾಣಲಿಲ್ಲ. ಆಗ ಐದು ವರ್ಷದವರಾಗಿದ್ದ ನಮ್ಮ ಅತ್ತೆ ಅಲ್ಲಿಂದ ಮುಂದೆ ಶಾಲೆಯಲ್ಲಿ, ನೀರಿನ ನಲ್ಲಿಯ ಹತ್ತಿರ, ಕೊನೆಗೆ ತಮ್ಮ ಮದುವೆಯ ಮಾತುಕತೆಯಲ್ಲೂ "ಹತ್ತೊಂಬತ್ತು ಮಂದೀನ ಕೊಂದಾಂವನ ಮಗಳು" ಎಂದು ಅನ್ನಿಸಿಕೊಂಡರು. ನನ್ನ ಅತ್ತೆಯ ಜೊತೆ ನಾನು ಬೇಕಾದಷ್ಟು ಜಗಳವಾಡಿದ್ದೇನೆ, ಆದರೆ ಈ ಮಾತಿನ ವಿಷಯದಲ್ಲಿ ನಾನು ಯಾವಾಗಲೂ ಅವರ ಕಡೆಯವಳೇ.

ಎಂಬತ್ತೈದು ತುಂಬಿದ ದಿನ ಅವರು ಮಗನ ಮುಂದೆ ಒಂದೇ ಒಂದು ಆಸೆ ಹೇಳಿಕೊಂಡರು. "ನಮ್ಮಪ್ಪ ಚೀಟಿ ಇಲ್ಲದ ಗಾಡಿ ಬಿಡಲಿಲ್ಲ. ನಾ ಸಾಯೂದ್ರಾಗ ಒಮ್ಮೆ ಈ ಮಾತು ನಾಕ ಮಂದಿ ಮುಂದ ಆಗಬೇಕು, ಯಪ್ಪಾ. ಅಷ್ಟ ಸಾಕು ನನಗ."

ನಾಲ್ಕು ಮಂದಿ ಸೇರುವುದು ಎಲ್ಲಿ? ಲಾಸ್ ಏಂಜಲೀಸಿನಲ್ಲಿ ನಡೆಯುವ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ. ನನ್ನ ಗಂಡ ಇಪ್ಪತ್ತೈದು ನಿಮಿಷದ ನಾಟಕ ಬರೆದರು. ನಿದ್ದೆಗಣ್ಣಿನ ಮಾಸ್ತರು ಮುಂದಿನ ಸ್ಟೇಷನ್ನನ್ನು ಕೇಳದೆ ಚೀಟಿ ಕೊಡುತ್ತಾನೆ, ಡ್ರೈವರು ನಂಬಿ ಹೊರಡುತ್ತಾನೆ, ಡಿಕ್ಕಿ. ಆಮೇಲೆ ವಿಚಾರಣೆಯ ದೃಶ್ಯ. ಅದರಲ್ಲಿ ಮಾಸ್ತರ ಸುಳ್ಳು ಬಯಲಾಗುತ್ತದೆ. ಡ್ರೈವರ್ ಕರಿಬಸಪ್ಪನ ಪಾತ್ರ ಮೊಮ್ಮಗ ಕರಿಬಸಪ್ಪನದು. ಮನೆಯಲ್ಲಿ ಅಪ್ಪನಿಗೆ ಕಾಯುವ ಪುಟ್ಟ ಗುರುಬಸವ್ವನ ಪಾತ್ರ ನಮ್ಮ ಮಗಳು ನಿಕಿತಾಳದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷು. ಆದ್ದರಿಂದ ಅವಳಿಗೆ ಇದ್ದದ್ದು ಒಂದೇ ಮಾತು. ನನ್ನದು ಪರದೆಯ ಪಕ್ಕ ನಿಂತು ಮಾತು ಎತ್ತಿಕೊಡುವ ಕೆಲಸ.

ಮಾಸ್ತರ ಪಾತ್ರಕ್ಕೆ ನಮಗೆ ಸಿಕ್ಕಿದ್ದು ರಹಮತುಲ್ಲಾ ಅಂಕಲ್. ಮೈಸೂರಿನವರು. ಮೂವತ್ತೇಳು ವರ್ಷ ರೈಲ್ವೆಯಲ್ಲಿ ದುಡಿದು ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು. ಅವರ ಮಗಳು ಮರಿಯಮ್ ಟೊರ್ರಿ ಪೈನ್ಸ್‌ನಲ್ಲಿ ರಿಸರ್ಚ್ ಮಾಡುತ್ತಾಳೆ, ನಮ್ಮ ಬೀದಿಯಲ್ಲೇ ಮನೆ. ಅಂಕಲ್ ಸಂಜೆ ವಾಕಿಂಗಿಗೆ ಬಂದರೆ ನಾಲ್ಕು ದಾರಿ ಕೂಡುವ ಸ್ಟಾಪ್ ಬೋರ್ಡಿನ ಹತ್ತಿರ ಅರ್ಧ ಗಂಟೆ ನಿಂತು, ಒಂದೊಂದು ಕಾರೂ ಸರದಿಯಂತೆ ನಿಂತು ಹೊರಡುವುದನ್ನು ನೋಡುತ್ತಾರೆ. ಈ ದೇಶದಲ್ಲಿ ಅವರಿಗೆ ಮನಸ್ಸಿಗೆ ಬಂದ ವಸ್ತು ಅದೊಂದೇ. ಸರದಿ ತಪ್ಪಿದ ಕಾರಿಗೆ ಅವರು ಕೈ ಅಡ್ಡ ಹಿಡಿದದ್ದೂ ಉಂಟು.

ಪಾತ್ರ ಏನೆಂದು ಕೇಳಿದೊಡನೆ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಶೋಭಮ್ಮ, ಮೂವತ್ತೇಳು ವರ್ಷ ಒಂದು ದಿನಾನೂ ಮಾಡದೇ ಇರೋ ಕೆಲಸಾನ ಎಪ್ಪತ್ತೆರಡನೇ ವಯಸ್ಸಲ್ಲಿ ಲಾಸ್ ಏಂಜಲೀಸಿಗೆ ಬಂದು ಮಾಡು ಅಂತೀರಾ?"

ಅವರನ್ನು ಒಪ್ಪಿಸಿದ್ದು ನಮ್ಮ ಅತ್ತೆ. "ಯಾರರ ಒಬ್ಬರು ಮಾಡಬೇಕಲ್ರಿ, ಮಾಸ್ತರ್ರ. ಕೆಲಸಾ ಗೊತ್ತಿದ್ದಾವ್ರು ಮಾಡಿದ್ರ ನೋಡಿದ ಮಂದಿ ನಂಬತಾರ" ಎಂದರು. ಅಂಕಲ್ ನಿಟ್ಟುಸಿರು ಬಿಟ್ಟು ಒಪ್ಪಿಕೊಂಡರು.

ಆರು ವಾರ ನಮ್ಮ ಗ್ಯಾರೇಜಿನಲ್ಲಿ ರಿಹರ್ಸಲ್ ನಡೆಯಿತು. ಅಂಕಲ್ ಮಾತುಗಳನ್ನು ಕೈಯಲ್ಲಿದ್ದ ಹಾಳೆ ನೋಡಿಕೊಂಡು ಓದುತ್ತಿದ್ದರು. ಬೆತ್ತದ ಬಳೆಯ ಬದಲು ನಿಕಿತಾಳ ಹುಲಾ ಹೂಪ್, ಚೀಟಿಯ ಬದಲು ಅಂಗಡಿಯ ರಸೀದಿ. ಫೋನು ಇರಲಿಲ್ಲ. "ತಗೋ, ಹೊರಡು" ಎಂಬ ಮಾತು ಬಂದಾಗ ಅವರು ಹುಲಾ ಹೂಪನ್ನು ಕಣ್ಣುಮುಚ್ಚಿಕೊಂಡು ಕೊಟ್ಟುಬಿಡುತ್ತಿದ್ದರು, ನಾವು ಕಹಿ ಔಷಧಿ ನುಂಗುವ ಹಾಗೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಕೆಡಿಸಿದ್ದು ನನ್ನ ಗಂಡನ ಅತಿ ಅಚ್ಚುಕಟ್ಟು. ರಂಗದ ಮೇಲೆ ಎಲ್ಲವೂ ನಿಜವಾಗಿರಬೇಕು ಎಂದು ಹಟ. ಹಳೆಯ ರೈಲ್ವೆ ಪುಸ್ತಕವೊಂದರ ಚಿತ್ರ ಹುಡುಕಿ, ಲೈನ್ ಕ್ಲಿಯರ್ ಫಾರಂ ಅನ್ನು ಇದ್ದ ಹಾಗೆಯೇ ಪ್ರಿಂಟ್ ಹಾಕಿಸಿದರು. ಮರಿಯಮ್‌ಳ ಗಂಡ ವಸೀಮ್ ಇನ್ನೂ ಒಂದು ಕೈ ಮೇಲೆ. ಅವನು ಲಾಂಗ್ ಬೀಚ್ ಬಂದರಿನ ಸರಕಿನ ವ್ಯವಹಾರದವನು, ಇಂಜಿನ್ನಿನ ರಟ್ಟುಗಳೆಲ್ಲ ಅವನ ಕೊಡುಗೆ. ಮಾವನಿಗೆ ಸರ್‌ಪ್ರೈಸ್ ಎಂದು ಪಸಡೀನಾದ ಸಂತೆಯಿಂದ ಕೈಯಲ್ಲಿ ತಿರುಗಿಸುವ ಹಿಡಿಯಿದ್ದ ಹಳೇ ಫೋನೊಂದನ್ನು ತಂದು, ಯಾರಿಗೂ ಹೇಳದೆ ರಂಗದ ಮೇಜಿನ ಮೇಲೆ ಇಟ್ಟ. ಅಂಕಲ್ಲಿನ ಹೆಂಡತಿ ಸಾಜಿದಾ ಆಂಟಿ ಅವರ ಬಿಳಿ ಯೂನಿಫಾರಂಗೆ ಇಸ್ತ್ರಿ ಹಾಕಿ, ಟೋಪಿ ಹೊಂದಿಸಿದರು. ಕೆಂಪು, ಹಸಿರು ಬಾವುಟಗಳು ಅಂಕಲ್ಲಿನವೇ. ಅವನ್ನು ಸೂಟ್‌ಕೇಸಿನಲ್ಲಿ ಮೈಸೂರಿನಿಂದ ಯಾಕೆ ತಂದಿದ್ದರೋ, ದೇವರಿಗೇ ಗೊತ್ತು.

ನವೆಂಬರಿನ ಆ ಶನಿವಾರ ಎರಡು ರಟ್ಟಿನ ಇಂಜಿನ್ನುಗಳನ್ನು ವಸೀಮ್‌ನ ಟ್ರಕ್ಕಿಗೆ ಹಗ್ಗದಿಂದ ಬಿಗಿದು ಐ-ಫೈವ್ ಹೆದ್ದಾರಿ ಹಿಡಿದು ಹೊರಟೆವು. ಪಕ್ಕದ ಕಾರುಗಳವರು ಹಾರ್ನ್ ಹೊಡೆದರು, ಮಕ್ಕಳು ಕೈ ಬೀಸಿದರು. ಲಾಸ್ ಏಂಜಲೀಸಿನ ಆ ಶಾಲೆಯ ಹಾಲ್ ತಲುಪಿದಾಗ ಬಿಸಿಬೇಳೆ ಬಾತಿನ ಸಾಲು ಹೊರಗಿನವರೆಗೂ ಬೆಳೆದಿತ್ತು. ಒಂಬತ್ತು ಡ್ಯಾನ್ಸುಗಳಾದ ಮೇಲೆ ನಮ್ಮ ಸರದಿ ಬಂತು. ಅತ್ತೆ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದರು. ಹಿಂದೆ ಮುನ್ನೂರು ಜನ.

ಪರದೆ ಸರಿಯಿತು. ಡ್ರೈವರ್ ಕರಿಬಸಪ್ಪ ಮುಖಕ್ಕೆ ಮಸಿ ಹಚ್ಚಿಕೊಂಡು ಇಂಜಿನ್ನಿನೊಳಗೆ ನಿಂತು ಬಿಳಿಗಟ್ಟಿ ಸ್ಟೇಷನ್ನಿಗೆ ಬಂದರು. ಚಪ್ಪಾಳೆ. ರಹಮತುಲ್ಲಾ ಅಂಕಲ್ ಆಕಳಿಸುತ್ತಾ ಮೇಜಿಗೆ ಬಂದು ಕುಳಿತರು. ಅವರ ಆಕಳಿಕೆ ನಿಜಕ್ಕೂ ಚೆನ್ನಾಗಿತ್ತು. ಪೆನ್ಸಿಲ್ ಹಿಡಿದು ಫಾರಂ ಬರೆಯತೊಡಗಿದರು. ಗಾಡಿಯ ಹೆಸರು ಬರೆದರು, ಸ್ಟೇಷನ್ನಿನ ಹೆಸರು ಬರೆದರು. ಆಮೇಲೆ ಪೆನ್ಸಿಲ್ ನಿಂತುಹೋಯಿತು.

ನಾನು ಪಕ್ಕದಿಂದ ಪಿಸುಗುಟ್ಟಿದೆ, "ಅಂಕಲ್, ತಗೋ, ಹೊರಡು."

ಅಂಕಲ್ ಫಾರಂ ನೋಡುತ್ತಿದ್ದರು. ಮುಂದಿನ ಸ್ಟೇಷನ್ನು ಕೊಟ್ಟ ನಂಬರು ಬರೆಯುವ ಜಾಗ ಖಾಲಿ ಇತ್ತು. ನನ್ನ ಗಂಡನೇ ಆಸೆಪಟ್ಟು ಪ್ರಿಂಟ್ ಹಾಕಿಸಿದ ಖಾಲಿ ಜಾಗ. ಅವರು ಬೆನ್ನು ನೆಟ್ಟಗೆ ಮಾಡಿ, ಟೋಪಿ ಸರಿಮಾಡಿಕೊಂಡು, ಫೋನಿನ ಹಿಡಿ ತಿರುಗಿಸಿ ಕಿವಿಗೆ ಇಟ್ಟುಕೊಂಡರು.

"ಹಲೋ, ಬಿಳಿಗಟ್ಟಿ ಮಾತಾಡ್ತಿರೋದು. ಲೈನ್ ಕ್ಲಿಯರ್ ಇದೆಯಾ?"

ಸಂತೆಯ ಫೋನು ಏನು ಹೇಳೀತು? ಅಂಕಲ್ ಬಹಳ ಹೊತ್ತು ಕೇಳಿಸಿಕೊಂಡರು. ಫೋನು ಇಟ್ಟು ಡ್ರೈವರನ ಕಡೆ ತಿರುಗಿದರು.

"ಇಲ್ಲ. ಮುಂದಿನ ಸ್ಟೇಷನ್ನಿಂದ ಉತ್ತರ ಇಲ್ಲ. ಕೊಡಲ್ಲ."

ನನ್ನ ಗಂಡನ ಮುಖದ ಮಸಿಯ ಕೆಳಗೂ ಬಣ್ಣ ಇಳಿದದ್ದು ನನಗೆ ಕಂಡಿತು. "ಮಾಸ್ತರ್ರ, ತಡಾ ಆಗೇತಿ, ಕೊಡ್ರಿ" ಎಂದರು. ಅದು ನಾಟಕದಲ್ಲಿ ಇರಲಿಲ್ಲ.

"ತಡ ಆದ್ರೆ ಆಗ್ಲಿ, ಡ್ರೈವರ್ ಸಾಬ್. ಜೀವ ಹೋದ್ರೆ ಬರುತ್ತಾ?"

ನಾನು ಗಟ್ಟಿಯಾಗಿಯೇ ಹೇಳಿದೆ, "ಅಂಕಲ್! ಕೊಟ್ಬಿಡಿ!" ಅವರು ನನ್ನತ್ತ ಬೆರಳು ತೋರಿಸಿ, "ಮೇಡಂ, ಪ್ಲಾಟ್‌ಫಾರಂ ಮೇಲೆ ಗಲಾಟೆ ಮಾಡಬೇಡಿ" ಎಂದರು. ಹಾಲ್ ನಕ್ಕಿತು. ಆರು ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತಿದೆ. ಡಿಕ್ಕಿಯಾಗದಿದ್ದರೆ ವಿಚಾರಣೆಯಿಲ್ಲ, ವಿಚಾರಣೆಯಿಲ್ಲದಿದ್ದರೆ ಮುದುಕಿ ಎಂಬತ್ತು ವರ್ಷ ಕಾದ ಮಾತಿಲ್ಲ. ನಾನು ಗಂಡನಿಗೆ ಪಿಸುಗುಟ್ಟಿಬಿಟ್ಟೆ:

"ರೀ, ಚೀಟಿ ಇಲ್ದೇನೇ ಹೋಗ್ರಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನ ಗಂಡ ನನ್ನ ಕಡೆ ಒಮ್ಮೆ, ಮುಂದಿನ ಸಾಲಿನ ಕಡೆ ಒಮ್ಮೆ ನೋಡಿದರು. ನಾಲ್ಕು ಹೆಜ್ಜೆ ಮುಂದೆ ತಳ್ಳಿದರೆ ಸಾಕಿತ್ತು, ದೀಪ ಆರುತ್ತಿತ್ತು, ಡಿಕ್ಕಿಯ ಸದ್ದು ಬರುತ್ತಿತ್ತು, ನಾಟಕ ಉಳಿಯುತ್ತಿತ್ತು. ಆದರೆ ಆ ಹೆಸರು ಹೊತ್ತವನು ತನ್ನ ತಾಯಿಯ ಕಣ್ಣೆದುರಿಗೇ ಚೀಟಿಯಿಲ್ಲದೆ ಹೊರಟರೆ ಆ ಹಳೇ ಸುಳ್ಳೇ ನಿಜವಾಗುತ್ತಿತ್ತು. ಅವರು ಇಂಜಿನ್ನಿನ ಅಂಚು ಹಿಡಿದುಕೊಂಡು ನಿಂತೇ ಇದ್ದರು. ನಾನು ಮದುವೆಯಾದ ಮೇಲೆ ಈ ಮನುಷ್ಯನ ಬಗ್ಗೆ ಅಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು.

ಗೂಡ್ಸ್ ಡ್ರೈವರನ ಪಾತ್ರದ ವಸೀಮ್ ಇದ್ಯಾವುದೂ ತಿಳಿಯದೆ, ತನ್ನ ಪ್ರವೇಶದ ಸಂಗೀತ ಕೇಳಿದ ತಕ್ಷಣ ಎದುರು ಬದಿಯಿಂದ ಗೂಡ್ಸ್ ಇಂಜಿನ್ ತಳ್ಳಿಕೊಂಡು ಬಂದ. ನೋಡಿದರೆ ಮಾವ ಕೆಂಪು ಬಾವುಟ ಹಿಡಿದು ನಡುವೆ ನಿಂತಿದ್ದಾರೆ. ಬ್ರೇಕ್ ಇಲ್ಲದ ರಟ್ಟಿನ ಇಂಜಿನ್ನನ್ನು ಅವನು ಕಾಲಿನಿಂದ ಒತ್ತಿ ನಿಲ್ಲಿಸಿದ.

"ನೋಡಿದ್ರಾ ಡ್ರೈವರ್ ಸಾಬ್, ಗೂಡ್ಸು!" ಎಂದು ಅಂಕಲ್ ಕೂಗಿದರು. ಅದು ಅಭಿನಯವಲ್ಲ. "ನಾನು ಕೊಟ್ಟಿದ್ರೆ ಏನಾಗ್ತಿತ್ತು? ಏಯ್, ನೀನು ಪಕ್ಕದ ಹಳಿಗೆ ಬಾರಪ್ಪಾ, ನಿಧಾನ, ನಿಧಾನ."

ಹಸಿರು ಬಾವುಟ ಆಡಿತು. ವಸೀಮ್ ತಲೆ ಬಗ್ಗಿಸಿಕೊಂಡು ಪ್ಯಾಸೆಂಜರ್ ಗಾಡಿಯ ಹಿಂಬದಿಯಿಂದ ಗೂಡ್ಸನ್ನು ದಾಟಿಸಿ ಆ ಕಡೆಗೆ ಹೊರಟುಹೋದ. ಮುನ್ನೂರು ಜನ ಎದ್ದುನಿಂತು ಸಿಳ್ಳೆ ಹೊಡೆದರು. ಅಂಕಲ್ ಹಣೆ ಒರೆಸಿಕೊಂಡು ಮತ್ತೆ ಫೋನಿನ ಹಿಡಿ ತಿರುಗಿಸಿದರು.

"ಹಲೋ, ಬಿಳಿಗಟ್ಟಿ. ಈಗ ಲೈನ್ ಕ್ಲಿಯರ್ ಇದೆಯಾ?"

ಫೋನನ್ನು ಕಿವಿಯಿಂದ ಇಳಿಸಲೇ ಇಲ್ಲ. ಹೀಗೆ ಬಿಟ್ಟರೆ ಅವರು ಮರುದಿನದವರೆಗೂ ಕಾಯುತ್ತಾರೆಂದು ಬಲ್ಲವರು ಆ ಹಾಲಿನಲ್ಲಿ ಒಬ್ಬರೇ ಇದ್ದರು. ಎರಡನೆಯ ಸಾಲಿನಿಂದ ಸಾಜಿದಾ ಆಂಟಿ ಎದ್ದು, ಸೆರಗು ಸರಿಮಾಡಿಕೊಂಡು ಕೂಗಿದರು:

"ಲೈನ್ ಕ್ಲಿಯರ್! ನಂಬರ್ ನಲವತ್ತೆರಡು! ಕಳಿಸ್ರೀ ಆ ಮನುಷ್ಯನ್ನ, ಮನೇಲಿ ಕಾಯ್ತಿರ್ತಾರೆ!"

ಸ್ಟೇಷನ್ ಕ್ವಾರ್ಟರ್ಸಿನಲ್ಲೇ ಸಂಸಾರ ಮಾಡಿದವರಿಗೆ ಯಾವ ಮಾತಿಗೆ ಯಾವ ಉತ್ತರ ಎಂದು ಹೇಳಿಕೊಡಬೇಕೇ? ಅಂಕಲ್ "ನಲವತ್ತೆರಡು" ಎಂದು ಮರಳಿ ಹೇಳಿ, ಬರೆದು, ಸಹಿ ಹಾಕಿ, ಚೀಟಿಯನ್ನು ಬಳೆಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಡ್ರೈವರನಿಗೆ ಕೊಟ್ಟರು. "ಹೋಗಿಬನ್ನಿ" ಎಂದರು.

ನನ್ನ ಗಂಡನಿಗೆ ಹೋಗಲು ಉಳಿದಿದ್ದ ಜಾಗ ಒಂದೇ, ರಂಗದ ಬಲ ಮೂಲೆಯ ಮನೆ. ಅಲ್ಲಿ ನಿಕಿತಾ ಹೊಸ್ತಿಲ ಮೇಲೆ ಕುಳಿತಿದ್ದಳು. ಡಿಕ್ಕಿಯಾದ ಮೇಲೆ ಹೇಳಬೇಕಾದ ಒಂದೇ ಮಾತನ್ನು ಆರು ವಾರ ಉರುಹೊಡೆದಿದ್ದಳು. ಮೇಲೆ ದೀಪ ಬಿದ್ದೊಡನೆ ಎದ್ದು ನಿಂತು, ಸಭೆಯತ್ತ ಮುಖ ಮಾಡಿ, ಸ್ಪಷ್ಟವಾಗಿ ಹೇಳಿದಳು:

"ಅವ್ವಾ, ಅಪ್ಪ ಇನ್ನೂ ಬಂದಿಲ್ಲ."

ಅಪ್ಪ ಇಂಜಿನ್ ಸಮೇತ ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಹಾಲ್ ಬಿದ್ದು ಬಿದ್ದು ನಕ್ಕಿತು. ಆ ನಗೆಯ ನಡುವೆ ನಮ್ಮ ಅತ್ತೆ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು.

"ಬಂದಾನವಾ" ಎಂದರು. "ನಿನ್ನ ಹಿಂದ ನಿಂತಾನ. ತಿರುಗಿ ನೋಡು."

ನಗು ಸಾಲುಸಾಲಾಗಿ ನಿಂತಿತು. ನಿಕಿತಾ ತಿರುಗಿ ನೋಡಿದಳು. ಪರದೆ ಎಳೆಯುವವನಿಗೂ ಕೈ ಬರಲಿಲ್ಲ. ನಾನೇ ಹೋಗಿ ಹಗ್ಗ ಎಳೆದೆ.

ಒಳಗಿನ ಕೋಣೆಯಲ್ಲಿ ಸೂತಕದ ಮನೆಯ ಹಾಗೆ ಎಲ್ಲರೂ ತಲೆತಗ್ಗಿಸಿ ಕುಳಿತಿದ್ದರು. ಅಂಕಲ್ ಟೋಪಿಯನ್ನು ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ನಿಂತರು.

"ಅಮ್ಮಾ, ಮಾಫ್ ಮಾಡಿ. ನಂಬರ್ ಇಲ್ದೆ ಈ ಕೈ ಬರೆಯಲ್ಲ. ನಿಮ್ಮ ಕೆಲಸಾನೇ ಕೆಡಿಸಿಬಿಟ್ಟೆ."

ನಾನು ಅವರಿಗೆ ಹೇಳಬೇಕೆಂದು ಹತ್ತು ಮಾತು ಜೋಡಿಸಿಕೊಂಡು ಬಂದಿದ್ದೆ. ಅವರ ಮುಖ ನೋಡಿ ಒಂದು ಕುರ್ಚಿ ಎಳೆದುಕೊಟ್ಟೆ. ನನ್ನ ಗಂಡ ಆಡದೇ ಉಳಿದ ವಿಚಾರಣೆಯ ಪುಟಗಳನ್ನು ಕೈಯಲ್ಲಿ ಸುರುಳಿ ಸುತ್ತುತ್ತಾ, "ಅವ್ವಾ, ನಿನ್ನ ಮಾತು ಹೇಳಾಕ ಆಗಲೇ ಇಲ್ಲ. ಮುಂದಿನ ತಿಂಗಳ ಪಸಡೀನಾದಾಗ ಮತ್ತ ಮಾಡೂಣು. ಅಲ್ಲಿ ಎಲ್ಲಾ ಸರಿ ಹೇಳ್ತೇನಿ" ಎಂದರು.

ಅತ್ತೆ ಮಗನನ್ನು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಏನ ಹೇಳ್ತಿ? ಮಾಸ್ತರು ಚೀಟಿ ಕೊಡಲಿಲ್ಲ, ಕರಿಬಸಪ್ಪ ನಿಂತಾ. ತಡಾ ಆತು, ನಿಂತಾ. ಹೆಂಡತಿ ಹೋಗು ಅಂದ್ಲು, ಆದ್ರೂ ಹೋಗಲಿಲ್ಲ. ಚೀಟಿ ಕೈಯಾಗ ಬಂದ ಮ್ಯಾಲೇ ಗಾಡಿ ಬಿಟ್ಟಾ. ಮುನ್ನೂರು ಮಂದಿ ಕಣ್ಣಾರೆ ನೋಡ್ಯಾರ. ಇನ್ನ ಹೇಳೂದೇನೈತಿ?"

ನನ್ನ ಪಿಸುಮಾತು ಮುಂದಿನ ಸಾಲಿಗೂ ಕೇಳಿಸಿತ್ತೆಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು, ನಗು ಬಂತು, ಆಮೇಲೆ ಅಳುವನ್ನು ತಡೆಯಲಾಗಲಿಲ್ಲ.